ಬೇಸ್‌ಬಾಲ್ ಹಾಲ್ ಆಫ್ ಫೇಮ್: ಆಯ್ಕೆಯ ಮಾನದಂಡ ಮತ್ತು ವಿವಾದ

ಬೇಸ್‌ಬಾಲ್ ಹಾಲ್ ಆಫ್ ಫೇಮ್ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ ಗೌರವಭವನ ಹಾಗೂ ವಸ್ತುಸಂಗ್ರಹಾಲಯವಾಗಿದೆ. 1936ರ ಮೊದಲ ಚುನಾವಣೆಯಲ್ಲಿ ಟೈ ಕಾಬ್, ಬೇಬ್ ರೂತ್, ಹೋನಸ್ ವ್ಯಾಗ್ನರ್, ಕ್ರಿಸ್ಟಿ ಮ್ಯಾಥ್ಯೂಸನ್ ಮತ್ತು ವಾಲ್ಟರ್ ಜಾನ್ಸನ್ ಆಯ್ಕೆಯಾದರು. ಭವನವು 1939ರಲ್ಲಿ ಉದ್ಘಾಟನೆಗೊಂಡಿತು.

ಆಯ್ಕೆಯ ವಿಧಾನ

ಮೇಜರ್ ಲೀಗ್‌ನಲ್ಲಿ ಕನಿಷ್ಠ 10 ಋತುಗಳನ್ನು ಆಡಿ, ನಿವೃತ್ತಿಯಾಗಿ 5 ವರ್ಷ ಕಳೆದ ಆಟಗಾರರು ಪರಿಗಣನೆಗೆ ಅರ್ಹರು. ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ 10 ವರ್ಷಗಳ ಸದಸ್ಯತ್ವವುಳ್ಳ ಪತ್ರಕರ್ತರು ಮತದಾರರು. ಒಬ್ಬ ಮತದಾರನು ಗರಿಷ್ಠ 10 ಹೆಸರುಗಳನ್ನು ಸೂಚಿಸಬಹುದು. ಶೇಕಡಾ 75 ಮತ ಪಡೆದವರು ಆಯ್ಕೆಯಾಗುತ್ತಾರೆ. ಶೇಕಡಾ 5ಕ್ಕಿಂತ ಕಡಿಮೆ ಪಡೆದವರನ್ನು ಪಟ್ಟಿಯಿಂದ ಕೈಬಿಡಲಾಗುತ್ತದೆ. ಪಟ್ಟಿಯಲ್ಲಿ ಉಳಿಯುವ ಅವಧಿ ಮೊದಲು 15 ವರ್ಷಗಳಿದ್ದು, 2014ರಲ್ಲಿ ಅದನ್ನು 10ಕ್ಕೆ ಇಳಿಸಲಾಯಿತು. ಅವಧಿ ಮುಗಿದವರನ್ನು 16 ಸದಸ್ಯರ ಸಮಿತಿಯು ಪರಿಗಣಿಸಬಹುದು; ಅಲ್ಲಿ 12 ಮತಗಳು ಅಗತ್ಯ. 2019ರಲ್ಲಿ ಪಿಚರ್ ಮರಿಯಾನೋ ರಿವೇರಾ ಬರಹಗಾರರ ಎಲ್ಲ ಮತಗಳನ್ನೂ ಪಡೆದ ಮೊದಲಿಗರಾದರು.

ಅಂಕಿ ಅಂಶ ಮತ್ತು ನಡತೆ

ಬಹುಕಾಲ 3,000 ಹಿಟ್, 500 ಹೋಮ್ ರನ್ ಅಥವಾ ಪಿಚರ್ ಆದರೆ 300 ಗೆಲುವು ಎಂಬ ಮೈಲಿಗಲ್ಲುಗಳು ಅರ್ಹತೆಯ ಗುರುತುಗಳಾಗಿದ್ದವು. ಇತ್ತೀಚೆಗೆ ಸಾಧಾರಣ ಬದಲಿ ಆಟಗಾರನಿಗಿಂತ ಎಷ್ಟು ಹೆಚ್ಚು ಗೆಲುವುಗಳನ್ನು ತಂಡಕ್ಕೆ ತಂದುಕೊಟ್ಟರೆಂಬ ಲೆಕ್ಕಕ್ಕೂ ಮಹತ್ವ ಬಂದಿದೆ. ಆದರೆ ನಿಯಮವು ಆಟದ ಸಾಮರ್ಥ್ಯದೊಂದಿಗೆ ಪ್ರಾಮಾಣಿಕತೆ, ಕ್ರೀಡಾಮನೋಭಾವ ಮತ್ತು ಚಾರಿತ್ರ್ಯವನ್ನೂ ಹೆಸರಿಸುತ್ತದೆ. ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಅದು ಹೇಳುವುದಿಲ್ಲ. ವಿವಾದಗಳ ಮೂಲ ಇಲ್ಲಿದೆ.

762 ಹೋಮ್ ರನ್‌ಗಳ ದಾಖಲೆಯುಳ್ಳ ಬ್ಯಾರಿ ಬಾಂಡ್ಸ್ ಹಾಗೂ 354 ಗೆಲುವುಗಳ ಪಿಚರ್ ರೋಜರ್ ಕ್ಲೆಮೆನ್ಸ್ ಉದ್ದೀಪನ ಮದ್ದಿನ ಆರೋಪದ ನೆರಳಿನಲ್ಲಿ 2022ರ ಕೊನೆಯ ಅವಕಾಶದಲ್ಲೂ ಶೇಕಡಾ 66ನ್ನು ದಾಟಲಿಲ್ಲ. ಅದೇ ವರ್ಷ ಡೇವಿಡ್ ಓರ್ಟಿಜ್ ಆಯ್ಕೆಯಾದರು. 2003ರ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಲ್ಲಿ ಅವರೂ ಒಬ್ಬರೆಂದು 2009ರಲ್ಲಿ ವರದಿಯಾಗಿತ್ತು. ಓರ್ಟಿಜ್ ಅದನ್ನು ನಿರಾಕರಿಸಿದ್ದರು. ಮದ್ದಿನ ಬಳಕೆ ಹಬ್ಬಿದ್ದ ಕಾಲದಲ್ಲಿ ಲೀಗ್‌ನ ಕಮಿಷನರ್ ಆಗಿದ್ದ ಬಡ್ ಸೆಲಿಗ್ 2017ರಲ್ಲಿ ಈ ಗೌರವ ಪಡೆದರು. ಆಡಳಿತಗಾರರಿಗೆ ಒಂದು ಅಳತೆ, ಆಟಗಾರರಿಗೆ ಇನ್ನೊಂದು ಅಳತೆ ಎಂಬುದು ಟೀಕಾಕಾರರ ಆಕ್ಷೇಪ. ಮದ್ದು ಬಳಸದೆ ಆಡಿದವರ ಸಾಧನೆಗೆ ಅನ್ಯಾಯವಾಗಬಾರದೆಂಬುದು ಎದುರು ಪಕ್ಷದ ವಾದ.

ಪೀಟ್ ರೋಸ್ ಪ್ರಕರಣ

4,256 ಹಿಟ್‌ಗಳ ದಾಖಲೆ ಹೊಂದಿರುವ ಪೀಟ್ ರೋಸ್ ಅವರನ್ನು ಬೇಸ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟಿದ ಕಾರಣಕ್ಕೆ 1989ರಲ್ಲಿ ಕ್ರೀಡೆಯಿಂದ ಶಾಶ್ವತವಾಗಿ ಹೊರಗಿಡಲಾಯಿತು. ಇಂತಹವರು ಚುನಾವಣೆಗೆ ಅನರ್ಹರೆಂದು ಹಾಲ್ ಆಫ್ ಫೇಮ್ 1991ರಲ್ಲಿ ನಿಯಮ ಮಾಡಿತು. ರೋಸ್ 2024ರಲ್ಲಿ ನಿಧನರಾದರು. ಮೃತರಿಗೆ ನಿಷೇಧ ಅನ್ವಯಿಸದೆಂದು 2025ರ ಮೇ ತಿಂಗಳಲ್ಲಿ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ನಿರ್ಧರಿಸಿದ್ದರಿಂದ ರೋಸ್ ಹಾಗೂ ಶೂಲೆಸ್ ಜೋ ಜಾಕ್ಸನ್ ಪರಿಗಣನೆಗೆ ಅರ್ಹರಾದರು. ನಿಷೇಧ ತೆರವಾಗಿದ್ದರೂ ಚಾರಿತ್ರ್ಯದ ನಿಯಮ ಉಳಿದೇ ಇದೆ. ಅವರ ಕಾಲದ ಆಟಗಾರರನ್ನು ಪರಿಶೀಲಿಸುವ ಸಮಿತಿಯ ಮುಂದಿನ ಸಭೆ 2027ರ ಡಿಸೆಂಬರ್‌ನಲ್ಲಿ ನಡೆಯಬೇಕಿದೆ.