ರ‍್ಯಾಂಕು ಬಂದ ಆಸ್ಪತ್ರೆಗಳು



ಪರೀಕ್ಷೆಯ ರ‍್ಯಾಂಕುಪಟ್ಟಿ ನಮಗೆ ಹೊಸದಲ್ಲ. ದೇಶಗಳ ಆರೋಗ್ಯ ವ್ಯವಸ್ಥೆಗೂ ರ‍್ಯಾಂಕು ಕೊಡುವವರಿದ್ದಾರೆ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 191 ದೇಶಗಳನ್ನು ತೂಗಿ ಫ್ರಾನ್ಸ್ ಮೊದಲು, ಬ್ರಿಟನ್ 18ನೆಯದು ಅಂತು. 2017ರಲ್ಲಿ ಅಮೆರಿಕದ ಕಾಮನ್‌ವೆಲ್ತ್ ಫಂಡ್ 11 ಶ್ರೀಮಂತ ದೇಶಗಳನ್ನು ತೂಗಿತು. ಈ ಸಲ ಬ್ರಿಟನ್ ಮೊದಲು, ಫ್ರಾನ್ಸ್ 10ನೆಯದು! ಫ್ರಾನ್ಸಿನ ಡಾಕ್ಟರುಗಳು ಕಲಿತದ್ದನ್ನು ಮರೆತುಬಿಟ್ಟರೆ? ಇಲ್ಲ, ತಕ್ಕಡಿ ಬೇರೆ, ಅಷ್ಟೆ. ಆ ತಕ್ಕಡಿಯಲ್ಲೂ ಬಡವ ಬಲ್ಲಿದ ಭೇದ ಕಡಿಮೆ ಅನ್ನೋದರಲ್ಲಿ ಬ್ರಿಟನ್ ಮೊದಲು. ಚಿಕಿತ್ಸೆಯಿಂದ ಜನ ಎಷ್ಟು ಉಳಿದರು ಅನ್ನೋದರಲ್ಲಿ 10ನೆಯದು.

ಬ್ರಿಟನ್ನಿನದು ಸಣ್ಣ ಕೆಲಸ ಅಂತ ನಾನು ಹೇಳ್ತಾ ಇಲ್ಲ. ಗಣಿ ಕಾರ್ಮಿಕನ ಮಗ, ಹುಡುಗನಾಗಿದ್ದಾಗಲೇ ತಾನೂ ಕಲ್ಲಿದ್ದಲ ಗಣಿಗಿಳಿದ ಅನ್ಯೂರಿನ್ ಬೆವನ್ ಮಂತ್ರಿಯಾದ. 1948ರ ಜುಲೈ 5ರಿಂದ ಆಸ್ಪತ್ರೆ ಎಲ್ಲರಿಗೂ ಪುಕ್ಕಟೆಯಾಯಿತು. ಬಾಗಿಲೇನೋ ತೆರೆಯಿತು. ಮೂವತ್ತೆರಡು ವರ್ಷದ ಮೇಲೆ, 1980ರಲ್ಲಿ, ಡಗ್ಲಸ್ ಬ್ಲ್ಯಾಕ್ ಸಮಿತಿ ಲೆಕ್ಕ ತೆಗೆದು ನೋಡಿದರೆ, ನಿವೃತ್ತಿ ವಯಸ್ಸಿಗೆ ಮೊದಲೇ ಸಾಯುವ ಸಂಭವ ವಕೀಲ, ಡಾಕ್ಟರುಗಳ ವರ್ಗಕ್ಕಿಂತ ಕೂಲಿಯವರಿಗೆ ಎರಡೂವರೆ ಪಟ್ಟು! ಥಂಡಿ ಮನೆ, ಕಡಿಮೆ ಸಂಬಳ, ಮೈ ಮುರಿಯುವ ಕೆಲಸ. ಇವಕ್ಕೆ ಔಷಧದ ಚೀಟಿ ಬರೆಯೋರು ಯಾರು? ಆ ವರದಿಯನ್ನು ಸರ್ಕಾರ ರಜೆಯ ದಿನ ನೋಡಿ 260 ಪ್ರತಿ ಮಾತ್ರ ಹೊರಬಿಟ್ಟಿತು. ನಮ್ಮ ಒಂದು ಸ್ಟೆನ್ಸಿಲ್ಲೇ ಅದಕ್ಕಿಂತ ಹೆಚ್ಚು ಪ್ರತಿ ಕೊಡುತ್ತೆ.

ಕೂಲಿಯವನ ಸಾವಾದರೂ ಲೆಕ್ಕಕ್ಕೆ ಸಿಕ್ಕಿತು. ಯಾವ ಪಟ್ಟಿಯ ಯಾವ ಕಾಲಂಗೂ ಬಾರದ್ದು ಇನ್ನೊಂದಿದೆ. ರೋಮಾ ಜನ ಗೊತ್ತಲ್ಲ, ನೂರಾರು ವರ್ಷದ ಹಿಂದೆ ನಮ್ಮ ಉತ್ತರದ ಕಡೆಯಿಂದ ಹೋದವರು, ಯುರೋಪು ಊರಾಚೆ ಇಟ್ಟವರು. ಸ್ಲೊವಾಕಿಯಾದ ಸರ್ಕಾರಿ ಆಸ್ಪತ್ರೆಯೊಂದಕ್ಕೆ 2000ದಲ್ಲಿ ಒಬ್ಬ ರೋಮಾ ಹೆಣ್ಣುಮಗಳು ಹೆರಿಗೆಗೆ ಹೋದಳು. ವಯಸ್ಸು 20. ನೋವು ತಿನ್ನುತ್ತಿರುವಾಗ ಕಾಗದಕ್ಕೆ ರುಜು ಹಾಕಿಸಿಕೊಂಡರು. ಸಿಸೇರಿಯನ್ ಜೊತೆಗೇ ಮುಂದೆ ಮಕ್ಕಳಾಗದಂತೆ ಆಪರೇಷನ್ನೂ ಮುಗಿಯಿತು. ರೋಮಾ ಹೆಂಗಸರಿಗೆ ಅಲ್ಲಿ ಬೇರೆ ಕೋಣೆ, ಬೇರೆ ಕಕ್ಕಸು ಅಂತ ಆಕೆಯ ದೂರು. ಓದ್ತಾ ಇದ್ದ ಹಾಗೆ ನನಗೆ ಆ ಕೋಣೆ ಎಲ್ಲೋ ನೋಡಿದ್ದು ಅನ್ನಿಸಿತು. ನಿಮಗೂ ಅನ್ನಿಸೀತು. ಆಸ್ಪತ್ರೆಯ ದಾಖಲೆಯಲ್ಲಿ ಆಕೆ ಯಾವ ಜನಾಂಗದವಳು ಅಂತಲೂ ಬರೆದಿತ್ತು. ಕಾಯಿಲೆಗೂ ಅದಕ್ಕೂ ಏನು ಸಂಬಂಧ?

2011ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಆಕೆಯ ಪರ ತೀರ್ಪು ಕೊಟ್ಟಿತು. ಆದರೆ ಇದು ಜನಾಂಗಭೇದವೇ ಅನ್ನೋ ಪ್ರಶ್ನೆಯನ್ನು ಬೇರೆಯಾಗಿ ವಿಚಾರಿಸುವ ಅಗತ್ಯವಿಲ್ಲ ಅಂದುಬಿಟ್ಟಿತು. ಇಂಥ ಆಪರೇಷನ್ನುಗಳಿಗೆ ಸ್ಲೊವಾಕ್ ಸರ್ಕಾರ ಕ್ಷಮೆ ಕೇಳಿದ್ದು 2021ರ ನವೆಂಬರಿನಲ್ಲಿ. ಆ ಮಗಳಿಗೆ ಆಗ ನಲವತ್ತು ದಾಟಿತ್ತು.