ಜೀರ್ಣೋದ್ಧಾರವೆಂಬ ಅಪಚಾರ

ಕೆಂಗೇರಿಯು 2007ರಲ್ಲಿ ಬೆಂಗಳೂರು ಮಹಾನಗರದೊಳಗೆ ಸೇರಿತು. 2021ರಲ್ಲಿ ಮೆಟ್ರೋ ಬಂಡಿಯೂ ಬಂದಿತು. ಆ ಪಡುವಲಂಚಿನ ಹಳ್ಳಿಗಳಲ್ಲಿ ಹಣವು ಹೆಚ್ಚಿದಂತೆಲ್ಲ ಹಳೆಯ ಗುಡಿಗಳಿಗೆ ಗಂಡಾಂತರವೂ ಹೆಚ್ಚಿರುವುದು. ಗ್ರಾಮಸ್ಥರ ಭಕ್ತಿಗೆ ಕೊರತೆಯಿಲ್ಲ. ಗಂಡಾಂತರವು ಆ ಭಕ್ತಿಯಿಂದಲೇ ಬಂದುದು. ಕಲ್ಲುಕಂಬಕ್ಕೆ ಎನಾಮಲ್ ಬಣ್ಣ, ಇಟ್ಟಿಗೆಗಾರೆಯ ಗೋಪುರಕ್ಕೆ ಸಿಮೆಂಟಿನ ಲೇಪ, ಹಾಸುಗಲ್ಲಿನ ಮೇಲೆ ನುಣುಪು ಬಿಲ್ಲೆ. ಇದಕ್ಕೆ ಜೀರ್ಣೋದ್ಧಾರವೆಂದು ಹೆಸರು!

ಶಾಸ್ತ್ರದ ಹೆಸರೆತ್ತುವವರು ಶಾಸ್ತ್ರವನ್ನೊಮ್ಮೆ ತೆರೆದು ನೋಡಬಾರದೆ? ಮಯಮತದಲ್ಲಿ ಅನುಕರ್ಮವನ್ನು ಕುರಿತು ಒಂದು ಅಧ್ಯಾಯವೇ ಉಂಟು. ಲಕ್ಷಣವು ಇನ್ನೂ ಕಾಣುತ್ತಿರುವ ದೇಗುಲವನ್ನು ಅದರದೇ ದ್ರವ್ಯದಿಂದ, ಮೊದಲಿದ್ದ ಪ್ರಮಾಣಕ್ಕೇ ಸರಿಪಡಿಸತಕ್ಕದ್ದೆಂಬುದು ಅಲ್ಲಿಯ ವಿಧಿ. ಕಾರಣವು ಸ್ಪಷ್ಟವಾಗಿಯೇ ಇದೆ. ಸುಣ್ಣದ ಗಾರೆಯು ಹೀರಿದ ತೇವವನ್ನು ಹೊರಕ್ಕೆ ಬಿಡುವುದು. ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟು ಹಳೆಯ ಇಟ್ಟಿಗೆಯನ್ನು ಪುಡಿಮಾಡುವುದು. ಶಾಸ್ತ್ರವನ್ನೊಲ್ಲದವರು ಗಾರೆ ಕೆಲಸ ಬಲ್ಲ ಮುದುಕನನ್ನಾದರೂ ಕೇಳಲಿ.

ವೀರಗಲ್ಲುಗಳ ಪಾಡು ಇನ್ನೂ ಶೋಚನೀಯ. ಬಣ್ಣ ಬಳಿದೊಡನೆ ಅಕ್ಷರಗಳ ಗೆರೆ ಮುಚ್ಚಿಹೋಗುವುದು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಅಚ್ಚುಹಾಕಿಸಿದರು. ಅವುಗಳಲ್ಲಿ ಎಷ್ಟೋ ಇಂದು ಪುಸ್ತಕದಲ್ಲುಂಟು, ಊರಿನಲ್ಲಿಲ್ಲ. ಹೆಬ್ಬಾಳದವರಾದರೋ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯನ ಕಲ್ಲನ್ನು ಉಳಿಸಿಕೊಂಡರು. ಅದು ಹೆಬ್ಬಾಳಕ್ಕೆ ಸಾಧ್ಯವಾದರೆ ಕೆಂಗೇರಿಯ ಸೀಮೆಗೇಕೆ ಅಸಾಧ್ಯ?

ಚಂದಾಪಟ್ಟಿ ಹಿಡಿದು ಹೊರಟಿರುವ ಸಮಿತಿಗಳು ಮೊದಲು ಕಲ್ಲನ್ನು ಓದಿಸಲಿ, ಅದರ ಅಚ್ಚು ತೆಗೆಸಲಿ, ಸುಣ್ಣ ಅರೆಯಬಲ್ಲವರನ್ನು ಕರೆಸಲಿ. ಬಣ್ಣಕ್ಕೆಂದು ಕೂಡಿಸಿದ ಹಣವು ದೀಪದೆಣ್ಣೆಗೆ ಸಲ್ಲಲಿ.