ಹೋರಾಟಗಾರನಿಗೆ ಎಂಥ ಭಯ ಅಂತ ಕೇಳಿದವರಿಗೆ



ನಾನು ಪ್ಯಾನಿಕ್ ಡಿಸಾರ್ಡರ್‌ಗೆ ಥೆರಪಿ ತಗೊಳ್ತಿರೋ ವಿಷಯ ಸಂಘಟನೆಯ ಕೆಲವರಿಗೆ ಗೊತ್ತಾಗಿದೆ. ಗೊತ್ತಾಗ್ಲಿ ಅಂತಾನೇ ಮುಚ್ಚಿಡಲಿಲ್ಲ. ಆದ್ರೆ ಆಮೇಲೆ ಬಂದ ಮಾತು ಕೇಳಿ ಸುಮ್ನಿರೋಕಾಗ್ತಿಲ್ಲ. "ಹೋರಾಟಗಾರನಿಗೆ ಎಂಥ ಭಯನಪ್ಪ?" "ಅದೆಲ್ಲ ಬೆಂಗಳೂರಿನ ದುಡ್ಡಿರೋರ ಚಟ." "ಮೂರು ದಿನ ಗದ್ದೆ ಕೆಲಸಕ್ಕೆ ಹಚ್ಚಿದ್ರೆ ಸರಿಹೋಗ್ತಾನೆ." ಕೊನೇದನ್ನ ಹೇಳಿದವರು ನಮ್ಮವರೇ. ಗದ್ದೆ ಕೆಲಸದಿಂದ ಇದು ವಾಸಿಯಾಗೋ ಹಾಗಿದ್ರೆ ನಮ್ಮ ಕೇರಿಯಲ್ಲಿ ಒಬ್ಬರಿಗೂ ಈ ಕಾಯಿಲೆ ಇರ್ತಿರಲಿಲ್ಲ ಅಣ್ಣ.

ಮೊದಲು ಕಾಯಿಲೆ ಏನು ಅಂತ ತಿಳ್ಕೊಳ್ಳಿ. ಯಾವ ಕಾರಣವೂ ಕಾಣದೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತೆ, ಉಸಿರು ಸಿಗಲ್ಲ, ಕೈಕಾಲು ಜುಮ್ ಅನ್ನುತ್ತೆ, ಮೈಯೆಲ್ಲ ಬೆವರು, ಇನ್ನೇನು ಸತ್ತೆ ಅನ್ಸುತ್ತೆ. ಕೆಲವೇ ನಿಮಿಷದಲ್ಲಿ ತುತ್ತತುದಿಗೆ ಹೋಗಿ ಆಮೇಲೆ ಇಳಿಯುತ್ತೆ. ಇಳಿದ ಮೇಲೆ ಶುರುವಾಗೋದೇ ನಿಜವಾದ ಕಾಟ: ಮತ್ತೆ ಯಾವಾಗ ಬರುತ್ತೋ ಅನ್ನೋ ಭಯ. ಆ ಭಯಕ್ಕೆ ಬಸ್ ಹತ್ತಲ್ಲ, ಸಭೆಗೆ ಹೋದ್ರೆ ಬಾಗಿಲ ಪಕ್ಕದ ಕುರ್ಚಿ ಹುಡುಕ್ತೀವಿ, ಒಬ್ಬರೇ ಇರಲ್ಲ. ಭದ್ರಾವತಿಯಿಂದ ಶಿವಮೊಗ್ಗ ಇರೋದೇ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಬಿ.ಎಚ್. ರೋಡಲ್ಲಿ ಬಸ್ ಹೊರಟ ಐದು ನಿಮಿಷಕ್ಕೇ ನಾನು ಇಳಿದು ನಿಂತಿದ್ದೀನಿ, ಒಂದಲ್ಲ ಹತ್ತಾರು ಸಲ. ಅದೇ ನಾನು ಅದೇ ವಾರ ಮೈಕ್ ಹಿಡಿದು ಭಾಷಣನೂ ಮಾಡಿದ್ದೀನಿ. ಎರಡೂ ನಿಜ. ಧೈರ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ.

ನಮ್ಮ ಜನ ಈ ಕಾಯಿಲೆ ಹಿಡ್ಕೊಂಡು ಎಲ್ಲೆಲ್ಲಿ ಅಲೀತಾರೆ ನೋಡಿ. ಮೊದಲು ಕ್ಯಾಶುವಾಲ್ಟಿ, ಇಸಿಜಿ. ಇಸಿಜಿ ನಾರ್ಮಲ್. "ಗ್ಯಾಸ್" ಅಂತ ಒಂದು ಇಂಜೆಕ್ಷನ್. ಮತ್ತೆ ಇಸಿಜಿ, ಮತ್ತೆ ಗ್ಯಾಸ್. ಆಮೇಲೆ ಅಜ್ಜಿ ಹೇಳ್ತಾಳೆ ಗಾಳಿ ಸೋಕಿದೆ, ಚೌಡಿ ಕಾಟ. ತಾಯಿತ, ಕೋಳಿ, ಸಾಲ. ಕೊನೆಗೆ ಯಾರೋ ಮೆಡಿಕಲ್ ಶಾಪಿನವರು ನಿದ್ದೆ ಮಾತ್ರೆ ಕೊಡ್ತಾರೆ. ಅಲ್ಪ್ರಜೋಲಾಂ ಥರದ ಮಾತ್ರೆ ಡಾಕ್ಟರ್ ಚೀಟಿ ಇಲ್ಲದೆ ಮಾರೋ ಹಾಗಿಲ್ಲ, ಅದು ಅಭ್ಯಾಸ ಹತ್ತಿಸುತ್ತೆ, ಒಮ್ಮೆಲೇ ಬಿಟ್ರೂ ಅಪಾಯ. ಇಷ್ಟರಲ್ಲಿ ವರ್ಷಗಳು ಹೋಗಿರ್ತವೆ. ಗಾಬರಿಗೆ ಒಂದು ಹೆಸರಿದೆ, ಅದಕ್ಕೆ ಚಿಕಿತ್ಸೆ ಇದೆ ಅಂತ ಯಾರೂ ಹೇಳಿರಲ್ಲ.

ವಿಚಿತ್ರ ಅಂದ್ರೆ ಇದು ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲಿ ಮಾತೇ ಆಡದ ಊರಲ್ಲ. 2016ರಲ್ಲಿ ತೀರಿಹೋದ ಡಾ. ಅಶೋಕ್ ಪೈ ಇದೇ ಶಿವಮೊಗ್ಗದಲ್ಲಿ ಕೂತು ಬರೆದ್ರು, "ಕಾಡಿನ ಬೆಂಕಿ" ಥರದ ಸಿನಿಮಾನೂ ಮಾಡಿಸಿದ್ರು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕ ಓದದ ಲೈಬ್ರರಿ ಹುಡುಗರು ಕಮ್ಮಿ. ಪುಸ್ತಕ ಕೇರಿವರೆಗೂ ಬಂತು. ಚಿಕಿತ್ಸೆ ಬರಲಿಲ್ಲ.

ಲೆಕ್ಕ ಹಾಕೋಣ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಿಂದ ಇದೆ. ಅದರ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರು ಎಂಬತ್ತರ ದಶಕದಲ್ಲಿ ಮಾಡಿದ ಪ್ರಯೋಗದಿಂದ. ಆ ಕಾರ್ಯಕ್ರಮದ ತಂಡದಲ್ಲಿ ಜಿಲ್ಲೆಗೆ ಒಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್. 2011ರ ಜನಗಣತಿ ಪ್ರಕಾರ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಹದಿನೇಳೂವರೆ ಲಕ್ಷ. ಪ್ಯಾನಿಕ್‌ಗೆ ಸರಿಯಾಗಿ ಥೆರಪಿ ಮಾಡೋಕೆ ಒಬ್ಬ ರೋಗಿಗೆ ಹತ್ತು ಹನ್ನೆರಡು ಸಿಟ್ಟಿಂಗ್ ಬೇಕು, ಒಂದೊಂದೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಆ ಒಬ್ಬರು ದಿನಕ್ಕೆ ಆರು ಜನರ ಹಾಗೆ ವರ್ಷಕ್ಕೆ 250 ದಿನ ಬೇರೆ ಯಾವ ಕೆಲಸನೂ ಮಾಡದೆ ಕೂತರೂ 125 ಜನಕ್ಕೆ ಮುಗೀತು. ಇಡೀ ಜಿಲ್ಲೆಗೆ, ಎಲ್ಲಾ ಮನೋರೋಗಕ್ಕೂ ಸೇರಿ! ಹಾಗಾಗಿ ಸರ್ಕಾರಿ ಓಪಿಡಿಯಲ್ಲಿ ಬಡವರಿಗೆ ಸಿಗೋದು ಎರಡು ನಿಮಿಷ ಮತ್ತು ಮಾತ್ರೆ. ಮಾತ್ರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಡಾಕ್ಟರ್ ಕೊಟ್ಟ ಮಾತ್ರೆ ನಾನೂ ನುಂಗಿದ್ದೀನಿ, ಕೆಲಸ ಮಾಡುತ್ತೆ. ಆದ್ರೆ ದುಡ್ಡಿದ್ದವರಿಗೆ ಮಾತ್ರೆಯ ಜೊತೆ ಮಾತೂ ಸಿಗುತ್ತೆ, ನಮಗೆ ಮಾತ್ರೆ ಮಾತ್ರ. ನಾನು ಖಾಸಗಿಯಲ್ಲಿ ಒಂದು ಸಿಟ್ಟಿಂಗ್‌ಗೆ ಕೊಡ್ತಿರೋದು 1000 ರೂಪಾಯಿ. ಗಾರೆ ಕೆಲಸಕ್ಕೆ ಹೋಗೋ ನನ್ನ ಅತ್ತಿಗೆಗೆ ಎರಡು ದಿನ ದುಡಿದರೂ ಅಷ್ಟು ಸಿಗಲ್ಲ.

ದುಡ್ಡು ಕೊಟ್ಟು ಒಳಗೆ ಹೋದ ಮೇಲಾದ್ರೂ ಜಾತಿ ಹೊರಗೆ ನಿಲ್ಲುತ್ತಾ? ನಾನು ಮೊದಲು ಹೋದ ಕೌನ್ಸೆಲರ್, ಹೆಸರು ಬೇಡ, ಎರಡನೇ ಪ್ರಶ್ನೆಯೇ "ನೀವು ಯಾವ ಜನ?" ಹೇಳಿದೆ. ಕುರ್ಚಿ ಸ್ವಲ್ಪ ಹಿಂದಕ್ಕೆ ಹೋಯ್ತು. ಅಟ್ರಾಸಿಟಿ ಕೇಸುಗಳಿಗೆ ಓಡಾಡ್ತೀನಿ, ಸ್ಟೇಷನ್ ಅಂದ್ರೆ ಎದೆ ಹೊಡ್ಕೊಳ್ಳುತ್ತೆ ಅಂದಿದ್ದಕ್ಕೆ, "ಈಗೆಲ್ಲಿದೆ ಸರ್ ಜಾತಿ, ಅದನ್ನೆಲ್ಲ ಮನಸ್ಸಿಗೆ ಹಚ್ಕೊಳ್ಬೇಡಿ, ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡಿ" ಅಂದ್ರು. ಅಷ್ಟಕ್ಕೆ ಫೀಸು.

ಈ ಚಿಕಿತ್ಸೆಯ ಹೂರಣ ಗೊತ್ತಿದ್ರೆ ಆ ಮಾತು ಎಷ್ಟು ಹಾನಿ ಅಂತ ತಿಳಿಯುತ್ತೆ. ಸಿಬಿಟಿ ಅಂತಾರೆ. ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ 1986ರಲ್ಲಿ ಬರೆದ ವಿವರಣೆ ಅದರ ತಳಪಾಯ: ಮೈಯಲ್ಲಿ ಆಗೋ ಸಣ್ಣ ಬದಲಾವಣೆಯನ್ನ ಮನಸ್ಸು "ಹಾರ್ಟ್ ಅಟ್ಯಾಕ್" ಅಂತ ಓದುತ್ತೆ, ಆ ಓದಿಗೆ ಭಯ, ಭಯಕ್ಕೆ ಇನ್ನಷ್ಟು ಡವಡವ. ಅದನ್ನ ಮುರಿಯೋಕೆ ಥೆರಪಿಸ್ಟ್ ಬೇಕಂತಲೇ ಆ ಲಕ್ಷಣಗಳನ್ನ ತರಿಸ್ತಾರೆ. ಮೂಗು ಮುಚ್ಚಿ ಸ್ಟ್ರಾದಲ್ಲಿ ಉಸಿರಾಡಿಸ್ತಾರೆ, ಮೆಟ್ಟಿಲು ಹತ್ತಿ ಇಳಿಸ್ತಾರೆ, ತಿರುಗೋ ಕುರ್ಚಿಯಲ್ಲಿ ಗರಗರ ತಿರುಗಿಸ್ತಾರೆ. ನೋಡೋರಿಗೆ ನಗು. ಆದ್ರೆ ಎದೆ ಎಷ್ಟು ಹೊಡ್ಕೊಂಡ್ರೂ ಸಾಯಲ್ಲ ಅಂತ ಮೈಗೇ ಪಾಠ ಆಗುತ್ತೆ. ಆಮೇಲೆ ಭಯದ ಪಟ್ಟಿ ಮಾಡಿಸಿ ಒಂದೊಂದಕ್ಕೇ ಕಳಿಸ್ತಾರೆ: ಬಸ್, ಸಂತೆ, ಸಭೆ. "ನೀನು ಅಂದ್ಕೊಂಡಿದ್ದು ಆಯ್ತಾ? ಪುರಾವೆ ಏನು?" ಅಂತ ಕೇಳ್ತಾರೆ.

ಬಸ್ಸಿನ ವಿಷಯಕ್ಕೆ ಈ ಪ್ರಶ್ನೆ ಸರಿ. ನನ್ನ ಪಟ್ಟಿಯಲ್ಲಿದ್ದ ಇನ್ನೊಂದು: "ದೂರು ಕೊಡಿಸೋಕೆ ಆ ಊರಿಗೆ ಹೋಗೋದು". ಅದಕ್ಕೂ ಪುರಾವೆ ಕೇಳಿದ್ರೆ ನನ್ನ ಹತ್ರ ಎಫ್‌ಐಆರ್ ನಂಬರ್‌ಗಳೇ ಇವೆ. ಜಾತಿ ಗೊತ್ತಿಲ್ಲದ ಥೆರಪಿಸ್ಟ್ ನಿಜವಾದ ಅಪಾಯವನ್ನೂ ನನ್ನ ತಲೆಯ ದೋಷ ಅಂತ ಬರ್ಕೊಳ್ತಾರೆ. ಈಗ ನಾನು ನೋಡ್ತಿರೋ ಮೇಡಂ ಹಾಗೆ ಮಾಡಲಿಲ್ಲ. ನಮ್ಮವರೇನಲ್ಲ, ಆದ್ರೆ ಕೇಳಿಸ್ಕೊಳ್ತಾರೆ. ಹಾಳೆ ನಡುವೆ ಗೆರೆ ಹೊಡೆದು, ಮೈ ಸುಳ್ಳು ಹೇಳ್ತಿರೋದು ಒಂದು ಕಡೆ, ಊರು ನಿಜ ಹೇಳ್ತಿರೋದು ಇನ್ನೊಂದು ಕಡೆ ಬರೆಸಿದ್ರು. ಎಡಗಡೆಯದಕ್ಕೆ ಸ್ಟ್ರಾ, ಕುರ್ಚಿ, ಬಸ್ಸು. ಬಲಗಡೆಯದಕ್ಕೆ ಒಬ್ಬನೇ ಹೋಗಬೇಡ, ವಕೀಲರ ಜೊತೆ ಹೋಗು ಅಂದ್ರು. ಈಗ ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗಿ ಬರ್ತೀನಿ.

ಕ್ಲಾರ್ಕ್ ಅದನ್ನ ಬರೆದ ವರ್ಷವೇ ನಮ್ಮ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋದ ಕಾರ್ಯಕರ್ತರನ್ನ, ಪೊಲೀಸರನ್ನ ಹೊಡೆದು ಬಟ್ಟೆ ಕಳಚಿ ಮೆರೆಸಿದ್ರು. ಅದನ್ನ ವೇದಿಕೆ ಮೇಲೆ ಹೆಮ್ಮೆಯಿಂದ ಹೇಳ್ತೀವಿ. ಆ ಜನ ಆಮೇಲೆ ಹೇಗೆ ನಿದ್ದೆ ಮಾಡಿದ್ರು ಅಂತ ನಾನು ಕೇಳಿದ ಯಾವ ಭಾಷಣದಲ್ಲೂ ಬಂದಿಲ್ಲ. ಭದ್ರಾವತಿ ಕಾಲೇಜಿನ ಕನ್ನಡ ಮೇಷ್ಟ್ರು ಪ್ರೊ. ಬಿ. ಕೃಷ್ಣಪ್ಪನವರು 1974ರಲ್ಲಿ ಇದೇ ಊರಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿ ಹೆಂಡ ಬೇಡ, ವಸತಿ ಶಾಲೆ ಬೇಕು ಅಂದಿತ್ತು. ನಮ್ಮ ಎಷ್ಟೋ ಅಣ್ಣಂದಿರು ರಾತ್ರಿ ಕುಡಿಯೋದು ಯಾವುದನ್ನ ಮರೆಯೋಕೆ ಅಂತ ನಮಗೆಲ್ಲ ಗೊತ್ತು. ಕುಡಿದ್ರೆ ಗಂಡಸು, ಥೆರಪಿಗೆ ಹೋದ್ರೆ ಪುಕ್ಕಲ! ಇದೆಂಥ ನ್ಯಾಯ?

ಬಾಬಾಸಾಹೇಬರಿಗೆ ಭಯ ಇರಲಿಲ್ಲ ಅಂತೀರಿ. 1917ರಲ್ಲಿ ಬರೋಡಾದ ಪಾರ್ಸಿ ಛತ್ರದಲ್ಲಿ ಹೆಸರು ಮುಚ್ಚಿಟ್ಟು, ದೀಪ ಇಲ್ಲದ ಮಹಡಿಯಲ್ಲಿ ಒಬ್ಬರೇ ಇದ್ದಿದ್ದು, ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಮೆಟ್ಟಿಲು ಹತ್ತಿ ಬಂದಿದ್ದು ಅವರೇ ಬರೆದಿದ್ದಾರೆ. ಹದಿನೆಂಟು ವರ್ಷ ಕಳೆದ ಮೇಲೂ ನೆನೆದ್ರೆ ಕಣ್ಣೀರು ಬರುತ್ತೆ ಅನ್ನೋದನ್ನೂ ಮುಚ್ಚಿಟ್ಟಿಲ್ಲ. ಸಕ್ಕರೆ ಕಾಯಿಲೆಗೆ ಚಿಕಿತ್ಸೆ ತಗೊಂಡ್ರು, 1948ರಲ್ಲಿ ಮದುವೆ ಆಗಿದ್ದೂ ವೈದ್ಯೆಯನ್ನೇ. ಫೋಟೋಗೆ ಹಾರ ಹಾಕೋರು ಒಂದ್ಸಲ ಓದಿ.

ಪೇಪರ್ ಟೌನ್, ನ್ಯೂಟೌನ್ ಕಡೆ ಸುಮ್ನೆ ಓಡಾಡಿ ಬನ್ನಿ. ಎಂಪಿಎಂನ ಯಂತ್ರಗಳು 2015ರಲ್ಲಿ ನಿಂತವು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ತೀವಿ ಅಂದ್ರು. ಗುತ್ತಿಗೆ ಕೆಲಸಗಾರರ ಮನೆಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂರೋರು ಎಷ್ಟು ಜನ ಅಂತ ಯಾರಾದ್ರೂ ಕೇಳಿದ್ದೀರಾ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಸರ್ಕಾರಿ ಚಿಕಿತ್ಸೆಯನ್ನ ಹಕ್ಕು ಅಂತ ಹೇಳುತ್ತೆ, ಜಾತಿ ಆಧಾರದ ತಾರತಮ್ಯ ಕೂಡದು ಅಂತ ಹೆಸರಿಟ್ಟು ಹೇಳುತ್ತೆ. ರಸ್ತೆಗೆ, ಸಮುದಾಯ ಭವನಕ್ಕೆ ಕೇಳ್ತೀವಲ್ಲ, ಹಾಗೇ ಇದನ್ನೂ ಕೇಳ್ಬೇಕು. ತಾಲೂಕು ಆಸ್ಪತ್ರೆಗೊಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್, ವಾರಕ್ಕೊಂದು ದಿನ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ ಭೇಟಿ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ಆ ದುಡ್ಡಲ್ಲಿ ನಮ್ಮ ಹುಡುಗ ಹುಡುಗೀರನ್ನ ಕ್ಲಿನಿಕಲ್ ಸೈಕಾಲಜಿ ಓದಿಸಿ. "ನೀವು ಯಾವ ಜನ" ಅಂತ ಕೇಳದೇ ಇರೋ ಕೌನ್ಸೆಲರ್ ಹುಟ್ಟಲಿ ಅಂತ ಎಷ್ಟು ವರ್ಷ ಕಾಯೋದು? ಮುಂದಿನ ತಿಂಗಳ ಜಿಲ್ಲಾ ಸಭೆಯಲ್ಲಿ ಈ ಠರಾವು ನಾನೇ ಮಂಡಿಸ್ತೀನಿ. ವಿರೋಧ ಇದ್ದವರು ಅಲ್ಲೇ ಎದ್ದು ನಿಂತು ಹೇಳಿ, ಬೆನ್ನ ಹಿಂದೆ ಬೇಡ.

ಅಲ್ಲಿವರೆಗೆ, ಇದನ್ನ ಓದ್ತಾ "ನನಗೂ ಹೀಗೇ ಆಗುತ್ತಲ್ಲ" ಅನ್ನಿಸಿದವರು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಹಗಲು ಇರುತ್ತೆ. ಮೊದಲ ಸಲ ಎದೆ ನೋವು ಬಂದಿದ್ರೆ ಮಾತ್ರ ಮೊದಲು ಇಸಿಜಿ ಮಾಡಿಸಿ, ಪ್ಯಾನಿಕ್ ಅಂತ ನೀವೇ ತೀರ್ಮಾನ ಮಾಡ್ಬೇಡಿ. ಭದ್ರಾವತಿಯಿಂದ ಮೆಗ್ಗಾನ್‌ಗೆ ಒಬ್ಬರೇ ಬಸ್ ಹತ್ತೋಕೆ ಆಗಲ್ಲ ಅನ್ನೋರು ಇನ್‌ಬಾಕ್ಸ್‌ಗೆ ಬನ್ನಿ, ಜೊತೆಗೆ ಬರ್ತೀನಿ. ಕಿಟಕಿ ಪಕ್ಕದ ಸೀಟು ನಿಮ್ದು.